ಹಾಲ್ ಟಿಕೆಟ್ಟಿನ ಮೇಲಿನ ಶ್ರೀ

ಆ ಹಾಲ್ ಟಿಕೆಟ್ಟಿನ ಮೇಲ್ತುದಿಯಲ್ಲಿ ಶ್ರೀ ಎಂದು ಅಚ್ಚಾಗಿತ್ತು. ಇದರಲ್ಲಿ ಅನುಮಾನವಿಲ್ಲ. ನಾನಲ್ಲದೆ ಇನ್ನೂ ಇಬ್ಬರು ಅದನ್ನು ನೋಡಿದ್ದಾರೆ, ಅವರಲ್ಲಿ ಒಬ್ಬರು ಕಡತಕ್ಕೆ ಸೇರಿಸಿಯೂ ಇದ್ದಾರೆ. ಅದನ್ನು ಅಲ್ಲಿ ಹಾಕಿದವರು ಯಾರು ಎಂಬ ಪ್ರಶ್ನೆಗೆ ನನ್ನ ಬಳಿ ಒಂದು ಸಿದ್ಧ ಉತ್ತರವಿತ್ತು. ಎಷ್ಟೋ ಜನರ ಮುಂದೆ ಅದನ್ನು ಹೇಳಿ ನಗಿಸಿದ್ದೇನೆ. ಹೇಳಿ ಹೇಳಿ ಅದಕ್ಕೊಂದು ಹೊಳಪು ಬಂದಿದೆ. ಹೊಳಪು ಬಂದ ನೆನಪುಗಳ ಮೇಲೆ ಈಚೆಗೆ ನನಗೆ ವಿಶ್ವಾಸ ಕಡಿಮೆ. ಹಾಗಾಗಿ ಈ ಸಲ ಗೊತ್ತಿರುವುದನ್ನು ಗೊತ್ತಿರುವಷ್ಟೇ ಬರೆಯುತ್ತೇನೆ.

ಎರಡು ಸಾವಿರದ ನಾಲ್ಕನೆಯ ಇಸವಿ ಇರಬೇಕು, ಐದೂ ಇರಬಹುದು. ನಾನು ಧಾರವಾಡದಲ್ಲಿ ತತ್ವಶಾಸ್ತ್ರದ ಎಂ.ಎ. ಮುಗಿಸಿ, ಮೂರು ಊರುಗಳಲ್ಲಿ ಮೂರು ಕೆಲಸ ಬಿಟ್ಟು, ಗೋಕಾಕದ ಒಂದು ಕಾಲೇಜಿನಲ್ಲಿ ಅರೆಕಾಲಿಕ ಉಪನ್ಯಾಸಕನಾಗಿದ್ದೆ. ವಾರಕ್ಕೆ ಎಂಟು ತಾಸು ತರ್ಕಶಾಸ್ತ್ರ ಕಲಿಸುತ್ತಿದ್ದೆ. ಉಳಿದ ಹೊತ್ತನ್ನೆಲ್ಲ ಕಾಕಾನ ಇಂಟರ್ನೆಟ್ ಸೆಂಟರಿನ ಕೆಲಸ ನೋಡಿಕೊಳ್ಳುತ್ತ ಕಳೆಯುತ್ತಿದ್ದೆ. ಕಾಕಾ ನನಗೆ ಸಂಬಂಧಿಯಲ್ಲ. ಊರೆಲ್ಲ ಅವರನ್ನು ಕಾಕಾ ಎನ್ನುತ್ತಿತ್ತು, ನಾನೂ ಅಂದೆ. ಮೂಡಲಗಿಯ ಜೈನ ಮನೆತನ. ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ. ಗೋಕಾಕದಲ್ಲಿ ಅವರದೊಂದು ಬೀಜ ಗೊಬ್ಬರದ ಅಂಗಡಿಯಿತ್ತು. ಅದರ ಹಿಂಭಾಗಕ್ಕೆ ಪ್ಲೈವುಡ್ಡಿನ ಗೋಡೆ ಹೊಡೆಸಿ, ಮೂರು ಕಂಪ್ಯೂಟರ್ ಇಡಿಸಿ, ಹೊರಗೆ ಬೋರ್ಡು ಹಾಕಿಸಿದ್ದರು. ದಿನಾ ಮುಂಜಾನೆ ಮೂಡಲಗಿಯಿಂದ ಬಸ್ಸಿಗೆ ಬಂದು ಎರಡೂ ಅಂಗಡಿಗಳ ಬೀಗ ಒಂದೇ ಕೀಲಿಯಿಂದ ತೆಗೆಯುತ್ತಿದ್ದರು. ಗಿರಾಕಿಗಳು ಯೂರಿಯಾದ ವಾಸನೆಯಲ್ಲಿ ಕೂತು ಪರೀಕ್ಷೆಯ ಫಲಿತಾಂಶ ನೋಡುತ್ತಿದ್ದರು.

ಪ್ರಿಂಟರುಗಳು ಎರಡಿದ್ದವು. ಒಂದು, ಗೊಬ್ಬರದ ಬಿಲ್ಲು ತೆಗೆಯುವ ಹಳೆಯ ಡಾಟ್ ಮ್ಯಾಟ್ರಿಕ್ಸ್. ಅದು ಕೆಲಸ ಮಾಡುವಾಗ ಮಾತಾಡುವವರು ಮಾತು ನಿಲ್ಲಿಸಬೇಕಾಗುತ್ತಿತ್ತು. ಇನ್ನೊಂದು, ಹೊಸ ಲೇಸರ್. ಬ್ರೌಸರಿನಲ್ಲಿ ಪ್ರಿಂಟ್ ಎಂದು ಒತ್ತಿದರೆ ಕಾಗದ ಯಾವುದರಿಂದ ಬರಬೇಕು ಎಂಬುದನ್ನು ಕಂಪ್ಯೂಟರು ನಮ್ಮನ್ನು ಕೇಳುತ್ತಿರಲಿಲ್ಲ. ಯಾವ ಪ್ರಿಂಟರಿನ ಚಿತ್ರದ ಮೇಲೆ ಸಣ್ಣದೊಂದು ಸರಿ ಗುರುತು ಇದೆಯೋ ಅದರಿಂದ ಬರುತ್ತಿತ್ತು. ಅದಕ್ಕೆ ಡಿಫಾಲ್ಟ್ ಎಂದು ಹೆಸರು. ಕಾಕಾ ಇದನ್ನು ಬೇಗ ತಿಳಿದುಕೊಂಡರು.

"ಅಂದ್ರ ಮನಿ ಯಜಮಾನ ಇದ್ದಂಗ," ಅಂದರು. "ಯಾರ ಬಂದು ಕರದ್ರೂ ಮದಲ ಅವನ ಎದ್ದು ಬರ್ತಾನು."

"ಹಂಗ ಅನ್ರಿ."

"ಹಂಗಾದ್ರ ಗಿರಾಕಿಗಳಿಗೆ ಹಳೇ ಯಜಮಾನನ್ನ ಇಡ್ರಿ ಮಾಸ್ತರ್ರ. ಹೊಸಾದು ಕೆಡಬಾರದು."

ಅದರಂತೆ ಮಾಡಿದೆ. ನನ್ನ ಮೇಜಿನ ಕಂಪ್ಯೂಟರಿನಲ್ಲಿ ಎರಡು ಲಾಗಿನ್ ಇದ್ದವು, ಗಿರಾಕಿಗಳದೊಂದು, ನನ್ನದೊಂದು. ಗಿರಾಕಿಗಳದರಿಂದ ಒಳಹೊಕ್ಕರೆ ಕಾಗದ ಡಾಟ್ ಮ್ಯಾಟ್ರಿಕ್ಸಿನಿಂದ ಬರುತ್ತಿತ್ತು, ನನ್ನದರಿಂದ ಹೊಕ್ಕರೆ ಲೇಸರಿನಿಂದ. ನನ್ನ ಲಾಗಿನ್ನಿಗೆ ಪಾಸ್‌ವರ್ಡ್ ಇತ್ತು. ಅದು ನನಗೊಬ್ಬನಿಗೇ ಗೊತ್ತಿತ್ತು. ಇದನ್ನು ಇಲ್ಲಿ ಬರೆದಿಡುವುದು ಒಳ್ಳೆಯದು.

ಶ್ರೀ ಬಂದದ್ದು ಅದಾದ ಮೇಲೆ. ಬ್ರೌಸರು ತೆಗೆಯುವ ಪ್ರತಿ ಕಾಗದದ ತಲೆಯ ಮೇಲೆ ಪುಟದ ಹೆಸರು, ಎಷ್ಟನೆಯ ಪುಟ ಎಂಬುದು, ಕಾಲಬುಡದಲ್ಲಿ ಜಾಲತಾಣದ ವಿಳಾಸ ಮತ್ತು ತಾರೀಖು ಇಂಗ್ಲಿಷಿನಲ್ಲಿ ತಾವಾಗಿಯೇ ಅಚ್ಚಾಗುತ್ತಿದ್ದವು. ಯಾರೂ ಅದನ್ನು ಓದುತ್ತಿರಲಿಲ್ಲ. ಕಾಕಾ ಓದಿದರು.

"ಇದೇನ್ರಿ, ಕಾಗದದ ತಲಿ ಮ್ಯಾಲ?"

"ಬ್ರೌಸರ್ ತಾನ ಹಾಕ್ತೈತ್ರಿ ಕಾಕಾ."

"ತಾನ ಹಾಕಾಕ ಅದ್ಯಾರು? ಅಂಗಡಿ ನಮ್ಮದು, ಕಾಗದ ನಮ್ಮದು. ತಲಿ ಮ್ಯಾಲ ಶ್ರೀ ಇರಬೇಕು, ಅದರ ಕೆಳಗ ಏನರ ಇರಲಿ."

ನಮ್ಮ ಕಡೆ ಇದು ವಾದದ ವಿಷಯವಲ್ಲ. ಬೀಗರಿಗೆ ಬರೆದ ಪತ್ರವಿರಲಿ, ಕಿರಾಣಿ ಅಂಗಡಿಯ ಯಾದಿಯಿರಲಿ, ಮೊದಲು ನೆತ್ತಿಯ ಮೇಲೆ ಶ್ರೀ ಬಿದ್ದು ಆಮೇಲೆ ಕೆಳಗಿನದು ಶುರುವಾಗುತ್ತದೆ. ಬರೀ ಕಾಗದದ ಮೇಲೆ ನೇರವಾಗಿ ವಿಷಯ ಬರೆಯುವುದೆಂದರೆ ಚಪ್ಪಲಿ ಬಿಡದೆ ಒಳಗೆ ಬಂದ ಹಾಗೆ. ಕಾಕಾ ಮರುದಿನದಿಂದ ಲೇಸರಿನ ಖಾಲಿ ಹಾಳೆಗಳನ್ನು ಇಪ್ಪತ್ತು ಮೂವತ್ತರಂತೆ ಎದುರಿಗೆ ಇಟ್ಟುಕೊಂಡು ಪ್ರತಿಯೊಂದರ ಮೇಲೂ ಪೆನ್ನಿನಿಂದ ಶ್ರೀ ಬರೆದು ಟ್ರೇಯಲ್ಲಿ ಇಡತೊಡಗಿದರು. ಆದರೆ ಟ್ರೇಯಲ್ಲಿ ಹಾಳೆಯ ತಲೆ ಯಾವ ಕಡೆ ಇರಬೇಕೆಂಬುದು ಅವರಿಗೆ ಗೊತ್ತಿರಲಿಲ್ಲ. ಕಾಗದಗಳು ಹೊರಬರುವಾಗ ಶ್ರೀ ಕಾಲಬುಡದಲ್ಲಿ ತಲೆಕೆಳಗಾಗಿ ನಿಂತಿರುತ್ತಿತ್ತು. ಒಬ್ಬ ಗಿರಾಕಿ ಅದನ್ನು ಕಂಡು, ಯಾರೋ ಮಾಟ ಮಾಡಿಸಿದ ಕಾಗದವೆಂದು ಮುಟ್ಟದೆ ಹೋದ.

ಇಲ್ಲಿಯತನಕ ಎಲ್ಲ ಸರಿಯಾಗಿ ನೆನಪಿದೆ. ಮುಂದಿನದು ಹೀಗೆ: ಬ್ರೌಸರಿನಲ್ಲಿ ಪೇಜ್ ಸೆಟಪ್ ಎಂಬ ಕಿಟಕಿ ಇತ್ತು. ಅದರಲ್ಲಿ ಎರಡು ಉದ್ದನೆಯ ಖಾನೆಗಳು, ಒಂದು ಕಾಗದದ ತಲೆಗೆ, ಒಂದು ಪಾದಕ್ಕೆ. ಒಳಗೆ ಯಂತ್ರ ಮಂತ್ರದ ಪುಸ್ತಕದಲ್ಲಿ ಇರುವಂಥ ಬೀಜಾಕ್ಷರಗಳು. ಅವನ್ನು ಅಳಿಸಿ ನಮಗೆ ಬೇಕಾದದ್ದನ್ನು ಬರೆದರೆ ಅಂದಿನಿಂದ ಪ್ರತಿ ಕಾಗದದ ಮೇಲೂ ಅದೇ ಬರುತ್ತಿತ್ತು. ಕನ್ನಡದಲ್ಲಿ ಬರೆದರೆ ಬರೀ ಚೌಕಗಳು ಬರುತ್ತಿದ್ದವು, ಆದ್ದರಿಂದ ಇಂಗ್ಲಿಷ್ ಲಿಪಿಯಲ್ಲಿ ಶ್ರೀ ಎಂದು ಹಾಕಿ ಪಾದದ ಖಾನೆಯನ್ನು ಖಾಲಿ ಬಿಡಲಾಯಿತು.

ಬಿಡಲಾಯಿತು. ಬಿಟ್ಟವರು ಯಾರು? ನಾನು ಹೇಳುತ್ತ ಬಂದ ಕತೆಯಲ್ಲಿ, ಒಂದು ಮಧ್ಯಾಹ್ನ ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಕಾಕಾ ನನ್ನ ಕುರ್ಚಿಯಲ್ಲಿ ಕೂತು, ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು, ಒಂದೇ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತುತ್ತಿದ್ದರು. ಆ ಚಿತ್ರ ನನ್ನ ಕಣ್ಣ ಮುಂದಿದೆ. ಟೊಪ್ಪಿಗೆಯ ಅಂಚಿನಲ್ಲಿ ಎಣ್ಣೆಯ ಕಲೆಯೂ ಇದೆ. ಅಲ್ಲಿಂದ ಮುಂದೆ ನನ್ನ ಲಾಗಿನ್ನಿನಿಂದ ತೆಗೆದ ಕಾಗದಗಳಿಗೆಲ್ಲ ಶ್ರೀ ಬಂತು. ನಾನು ಆಗ ದೇವರ ಅಸ್ತಿತ್ವವನ್ನು ಅಲ್ಲಗಳೆಯುವ ಲೇಖನಗಳನ್ನು ಹುಡುಕಿ ಓದುತ್ತಿದ್ದೆ. ಅವುಗಳ ಮೇಲೂ ಬಂತು. ತೆಗೆಯಲು ಹೋಗಲಿಲ್ಲ.

ಅಕ್ಕೋರು ಬಂದದ್ದು ಒಂದು ಶುಕ್ರವಾರ, ಮಧ್ಯಾಹ್ನ ಮೂರರ ಸುಮಾರಿಗೆ. ಸಾಲಿಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಇವರು ಘೋಡಗೇರಿಯ ಒಂದು ಖಾಸಗಿ ಸಾಲಿಯಲ್ಲಿ ನಾಲ್ಕನೆಯ ಇಯತ್ತೆಗೆ ಕಲಿಸುತ್ತಿದ್ದರು. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ನಾಲ್ಕಾಗಿ ಮಡಚಿದ ದಿನಪತ್ರಿಕೆಯ ತುಂಡು.

"ಸರ್, ಘೋಡಗೇರಿಯಿಂದ ಬಂದೇನ್ರಿ. ಪೇಪರಿನ್ಯಾಗ ಬಂದೈತ್ರಿ, ಹಾಲ್ ಟಿಕೆಟ್ ಟಪಾಲಿಗೆ ಬರದವ್ರು ಇಂಟರ್ನೆಟ್ಟಿನ್ಯಾಗ ತಗೋಬಹುದಂತ. ನಂದು ಬಂದಿಲ್ರಿ."

ಸರ್ಕಾರಿ ಪ್ರಾಥಮಿಕ ಸಾಲಿಗಳ ಶಿಕ್ಷಕರ ನೇಮಕಾತಿಯ ಪರೀಕ್ಷೆ ಅದು.

"ಪರೀಕ್ಷೆ ಯಾವಾಗ್ರಿ ಅಕ್ಕೋರ?"

"ರವಿವಾರ. ಹುಕ್ಕೇರಿಯೊಳಗ."

"ಇವತ್ತ ಶುಕ್ರವಾರ್ರಿ."

"ಗೊತ್ತೈತ್ರಿ. ದಿನಾ ಟಪಾಲಿನವನ ಹಾದಿ ಕಾದೇನಿ. ನಿನ್ನೆ ಅವನ ಹೇಳಿದ, ಅಕ್ಕೋರ, ನನ್ನ ನೋಡಿ ಏನ್ ಮಾಡ್ತೀರಿ, ಗೋಕಾಕಕ ಹೋಗ್ರಿ ಅಂತ." ಪತ್ರಿಕೆಯ ತುಂಡನ್ನು ಮೇಜಿನ ಮೇಲೆ ಬಿಡಿಸಿ ಇಟ್ಟರು. "ಒಂಬತ್ತ ವರ್ಷ ಆತ್ರಿ ನಾ ಕಲಸಾಕ ಹತ್ತಿ. ಬರೂ ವರ್ಷ ವಯಸ್ಸು ಮೀರತೈತಿ, ಅರ್ಜಿ ಹಾಕಾಕೂ ಬರಂಗಿಲ್ಲ. ಇದ ಕಡೀದು."

ಪ್ಲೈವುಡ್ಡಿನ ಆಚೆ ಕೂತ ಕಾಕಾ ಇದನ್ನು ಕೇಳಿ ಎದ್ದು ಬಂದರು. ಯಾರಾದರೂ ತಮ್ಮ ಊರಿನ ಹೆಸರು ಹೇಳಿದರೆ ಅವರಿಗೆ ಆಚೆ ಕೂರಲು ಆಗುತ್ತಿರಲಿಲ್ಲ.

"ಘೋಡಗೇರಿಯೊಳಗ ಯಾರ ಪೈಕಿ ತಂಗಿ?"

"ಗಂಡನ ಮನಿ ಘೋಡಗೇರಿ ರಿ. ತವರಮನಿ ಮಮದಾಪುರ."

"ಮಮದಾಪುರದವ್ರೊಬ್ರು ಹೋದ ವರ್ಷ ನನ್ನ ಕಡೆ ಗೋವಿನಜ್ವಾಳದ ಬೀಜ ಒಯ್ದು, ಮೊಳಕೀನ ಬಂದಿಲ್ಲ, ನಾಟೇ ಇಲ್ಲ ಅಂತ ಮೂರ ದಿನ ಅಂಗಡಿ ಮುಂದ ಬಂದು ಕೂತಿದ್ರು."

"ನಮ್ಮ ಅಪ್ಪಾರ ಇರಬೇಕ್ರಿ."

"ಕಡೀಕ ನಾಟಿತೇನು?"

"ನಾಟಿತ್ರಿ ಕಾಕಾ. ಬಂದು ಹೇಳಾಕ ನಾಚಿಕಿ ಅವ್ರಿಗೆ."

ಕಾಕಾ ಸಮಾಧಾನದಿಂದ ಗಲ್ಲ ಉಜ್ಜಿಕೊಂಡರು. "ಮಾಸ್ತರ್ರ, ತಂಗೀದು ಹೊಸಾ ಪ್ರಿಂಟರಿನ್ಯಾಗ ತಗೀರಿ. ಪರೀಕ್ಷಾದ ಕಾಗದ. ಹಳೇದ್ರಾಗ ತಗದ್ರ ಮಾರಿ ಸುಟ್ಟಂಗ ಕಾಣತೈತಿ."

ಅದಕ್ಕೆಂದೇ ನಾನು ಗಿರಾಕಿಗಳ ಲಾಗಿನ್ನಿನಿಂದ ಹೊರಬಂದು ನನ್ನದರಿಂದ ಒಳಹೊಕ್ಕೆ. ಹಾಳೆ ಬೆಚ್ಚಗೆ, ಸ್ವಚ್ಛವಾಗಿ ಬಂತು. ಅಕ್ಕೋರು ಅದನ್ನು ಬಾಗಿಲ ಬೆಳಕಿಗೆ ಒಯ್ದು ಮೇಲಿನಿಂದ ಕೆಳಗಿನವರೆಗೆ ಓದಿದರು. ಸಾಲಿಯ ಮಕ್ಕಳ ಪಟ್ಟಿ ಓದುವ ಹಾಗೆ ಬೆರಳು ಇಟ್ಟು ಓದಿದರು. ಆಮೇಲೆ ಮತ್ತೆ ಮೇಲಕ್ಕೆ ಹೋದರು.

"ಸರಕಾರದವ್ರೂ ಶ್ರೀ ಹಾಕ್ಯಾರಲ್ರಿ ಸರ್. ಚಲೋ ಶಕುನ."

ಕಾಕಾ ಆಗಲೇ ಯಾರಿಗೋ ಬೀಜ ತೂಗಲು ಹೋಗಿದ್ದರು. ಇಲ್ಲ, ಅದು ನಮ್ಮ ಅಂಗಡಿಯ ಶ್ರೀ ಎಂದು ಹೇಳಬಹುದಾದವನು ನಾನೊಬ್ಬನೇ. ನಾನು ಹೂಂ ಅಂದೆ. ಸರ್ಕಾರವೊಂದು ಶ್ರೀ ಎಂದು ಶುರು ಮಾಡಿ ಹಾಲ್ ಟಿಕೆಟ್ ಕೊಡುವ ಕಲ್ಪನೆ ನನಗೆ ಹಿಡಿಸಿತು. ಸಂಜೆ ಯಾರಿಗಾದರೂ ಹೇಳಬಹುದು ಎಂದೂ ಅನ್ನಿಸಿರಬೇಕು. ಅವರು ಕಾಗದವನ್ನು ಪುಸ್ತಕದೊಳಗೆ ಇಟ್ಟುಕೊಂಡು ಘೋಡಗೇರಿಯ ಬಸ್ಸಿಗೆ ಹೋದರು.

ರವಿವಾರ ನಾನೂ ಹುಕ್ಕೇರಿಯಲ್ಲಿದ್ದೆ. ಅದೇ ಪರೀಕ್ಷೆಗೆ, ಅದೇ ಕೇಂದ್ರದಲ್ಲಿ, ಕೊಠಡಿ ಮೇಲ್ವಿಚಾರಕನಾಗಿ ನನ್ನನ್ನು ಹಾಕಿದ್ದರು. ಅರೆಕಾಲಿಕರಿಗೆ ಇಂಥ ಕೆಲಸ ತಪ್ಪದೆ ಬರುತ್ತಿತ್ತು. ಪರೀಕ್ಷೆ ಹತ್ತಕ್ಕೆ ಶುರು. ಒಂಬತ್ತೂವರೆಗೆ ನಾನು ಸಿಬ್ಬಂದಿ ಕೋಣೆಯಲ್ಲಿ ಉತ್ತರ ಪತ್ರಿಕೆಗಳನ್ನು ಎಣಿಸಿಕೊಳ್ಳುತ್ತಿದ್ದಾಗ ಬಾಜೂ ಕೋಣೆಯಲ್ಲಿ ಮಾತು ಕೇಳಿಸಿತು. ಅದು ಮುಖ್ಯ ಅಧೀಕ್ಷಕರ ಕೋಣೆ. ಅವರು ಆ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವರು, ನಿವೃತ್ತಿ ಹತ್ತಿರವಿತ್ತು, ಯಾವ ಕಾಗದವನ್ನೂ ತಿರುಗಿಸಿ ಹಿಂಬದಿ ನೋಡದೆ ಕೆಳಗಿಡುತ್ತಿರಲಿಲ್ಲ.

"ಇದನ್ನ ಎಲ್ಲಿಂದ ತಂದ್ರಿ?"

"ಇಂಟರ್ನೆಟ್ಟಿನಿಂದ್ರಿ ಸಾಹೇಬ್ರ." ಅಕ್ಕೋರ ದನಿ.

"ಉಳದ ಹದಿನಾಕ ಮಂದೀನೂ ಇಂಟರ್ನೆಟ್ಟಿನಿಂದನ ತಂದಾರು. ಅವರ ಕಾಗದದ ಕೆಳಗ ಇಲಾಖೆ ವಿಳಾಸ ಐತಿ, ತಗದ ತಾರೀಖ ಐತಿ. ನಿಮ್ಮದ್ರಾಗ ವಿಳಾಸ ಇಲ್ಲ, ತಾರೀಖ ಇಲ್ಲ, ಮ್ಯಾಲ ಶ್ರೀ ಐತಿ."

"ಶ್ರೀ ಸರಕಾರದವ್ರ ಹಾಕ್ಯಾರ್ರಿ."

"ಅಕ್ಕೋರ, ಮೂವತ್ತ ವರ್ಷ ಆತು ನಾ ಸರಕಾರದ ಕಾಗದ ನೋಡಾಕತ್ತು. ಸರಕಾರ ಹೆಸರಿನ ಹಿಂದ ಶ್ರೀ ಹಾಕ್ತೈತಿ. ಕಾಗದದ ತಲಿ ಮ್ಯಾಲ ಹಾಕಿದ್ದು ನಾ ಇವತ್ತನ ನೋಡಿದ್ದು."

ಅವರ ಮೇಜಿನ ಮೇಲೆ ಇಲಾಖೆಯ ಸೂಚನಾ ಪತ್ರವಿತ್ತು. ಜಾಲದಿಂದ ತೆಗೆದ ಪ್ರವೇಶ ಪತ್ರದ ಕೆಳಭಾಗದಲ್ಲಿ ಜಾಲತಾಣದ ವಿಳಾಸ ಮತ್ತು ದಿನಾಂಕ ಇರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು ಎಂದು ಅದರಲ್ಲಿ ಬರೆದಿತ್ತು. ಬೆಂಗಳೂರಿನ ಯಾವುದೋ ಕೋಣೆಯಲ್ಲಿ ಒಬ್ಬ ಅಧಿಕಾರಿ ತನ್ನ ಬ್ರೌಸರಿನಿಂದ ಒಂದು ಮಾದರಿ ತೆಗೆಸಿ, ಅದರ ಕಾಲಬುಡದಲ್ಲಿ ಕಂಡದ್ದನ್ನು ಇಲಾಖೆಯ ಮುದ್ರೆ ಎಂದು ತಿಳಿದಿರಬೇಕು. ಯಾರೂ ಇಡದೆ ತಾನಾಗಿ ಬಂದದ್ದು ಅಸಲಿಯಾಗಿತ್ತು. ಯಾರೋ ಮನಸ್ಸಿಟ್ಟು ಹಾಕಿದ್ದು ನಕಲಿಯಾಗಿತ್ತು.

ನನ್ನ ನೆನಪಿನ ಪ್ರಕಾರ ನಾನು ಇದನ್ನು ಕೇಳಿದ ಕೂಡಲೇ ಎದ್ದು ಆ ಕೋಣೆಗೆ ಹೋದೆ. ಆದರೆ ಲೆಕ್ಕ ಕೂಡುವುದಿಲ್ಲ. ಮಾತು ಶುರುವಾದದ್ದು ಒಂಬತ್ತೂವರೆಗೆ. ನಾನು ಬಾಗಿಲಲ್ಲಿ ನಿಂತಾಗ ಹತ್ತರ ಗಂಟೆ ಹೊಡೆಯುತ್ತಿತ್ತು. ಎರಡು ಕೋಣೆಗಳ ನಡುವಿನ ದೂರ ಹತ್ತು ಹೆಜ್ಜೆ. ಹತ್ತು ಹೆಜ್ಜೆಗೆ ಅರ್ಧ ತಾಸು ಹಿಡಿಯಬೇಕಾದರೆ ನಾನು ಬಹುಪಾಲು ಹೊತ್ತು ಉತ್ತರ ಪತ್ರಿಕೆಗಳನ್ನೇ ಮತ್ತೆ ಮತ್ತೆ ಎಣಿಸಿರಬೇಕು.

ಅಕ್ಕೋರು ನನ್ನನ್ನು ಕಂಡು, "ಇವ್ರನ್ನ ಕೇಳ್ರಿ ಸಾಹೇಬ್ರ, ಇವ್ರ ಅಂಗಡಿಯೊಳಗ ತಗಿಸೇನಿ," ಅಂದರು. ಅವರ ಮುಖದಲ್ಲಿ ಗಾಬರಿ ಇರಲಿಲ್ಲ. ಗಾಬರಿಯಾಗಿ ಮುಗಿದ ಮೇಲಿನ ಮುಖ ಅದು.

"ನಿಮ್ಮ ಅಂಗಡಿ ಏನ್ರಿ ಸರ್?" ಅಧೀಕ್ಷಕರು ಕನ್ನಡಕದ ಮೇಲಿಂದ ನೋಡಿದರು.

"ನಂದಲ್ರಿ. ಆಗೀಗ ಹೋಗಿ ಕೂಡತೇನ್ರಿ." ಆಗೀಗ ಎಂದೆ. "ಆ ಶ್ರೀ ಅಂಗಡಿ ಮಾಲಕರ ಪದ್ಧತಿ. ಅವರು ಎಲ್ಲಾ ಕಾಗದಕ್ಕೂ ಹಾಕಸ್ತಾರು. ಟಿಕೆಟ್ ಖರೇನ ಐತ್ರಿ."

"ಮಾಲಕರ ಹಾಕ್ಯಾರು?"

"ಹೌದ್ರಿ."

"ಪ್ರಿಂಟ್ ತಗದವ್ರು?"

ಅಕ್ಕೋರು ನನ್ನ ಕಡೆ ನೋಡಿದರು. "ಅಂಗಡಿಯವ್ರು," ಅಂದೆ.

ಅಧೀಕ್ಷಕರು ತಮ್ಮ ಪಟ್ಟಿಯಲ್ಲಿ ಅಕ್ಕೋರ ಸಂಖ್ಯೆ ಹುಡುಕಿದರು. ಇತ್ತು. ಹೆಸರೂ ಸರಿಯಿತ್ತು. ಆದರೂ ಸೂಚನಾ ಪತ್ರ ಸೂಚನಾ ಪತ್ರವೇ. ನನ್ನ ಕೊಠಡಿಗೆ ಬೇರೊಬ್ಬರನ್ನು ಕಳಿಸಿ, ನನ್ನಿಂದ ಒಂದು ಹೇಳಿಕೆ ಬರೆಸಿಕೊಂಡು ಸಹಿ ಮಾಡಿಸಿದರು. ಪ್ರವೇಶ ಪತ್ರದ ಮೇಲಿನ ಶ್ರೀ ಎಂಬುದನ್ನು ಅಂಗಡಿಯ ಮಾಲೀಕರು ತಮ್ಮ ರೂಢಿಯಂತೆ ಹಾಕಿಸಿರುತ್ತಾರೆ ಎಂದು ನಾನು ಬರೆದೆ. ನನ್ನ ಕೈಬರಹ ಆ ದಿನ ಚೆನ್ನಾಗಿತ್ತು. ಅಧೀಕ್ಷಕರ ನಿರ್ಧಾರ ಹೀಗಿತ್ತು: ಅಭ್ಯರ್ಥಿ ಪರೀಕ್ಷೆ ಬರೆಯಬಹುದು. ಉತ್ತರ ಪತ್ರಿಕೆಯನ್ನು ಬೇರೆ ಲಕೋಟೆಯಲ್ಲಿ ಇಡಲಾಗುವುದು. ಬುಧವಾರ ಸಂಜೆಯೊಳಗೆ ಅಂಗಡಿಯ ಮಾಲೀಕರಿಂದ ಲಿಖಿತ ವಿವರಣೆ ಬಂದರೆ ಅದು ಉಳಿದವುಗಳ ಜೊತೆ ಹೋಗುತ್ತದೆ, ಬರದಿದ್ದರೆ ಹೋಗುವುದಿಲ್ಲ. ಅಕ್ಕೋರು ಒಳಗೆ ಹೋದಾಗ ಹತ್ತು ಇಪ್ಪತ್ತಾಗಿತ್ತು.

ಸೋಮವಾರ ಮುಂಜಾನೆ ಕಾಕಾ ಬರುವುದಕ್ಕೆ ಮೊದಲೇ ಅಂಗಡಿಯ ಮುಂದೆ ನಿಂತಿದ್ದೆ. ಬೀಗ ತೆಗೆದ ಮೇಲೆ ಕಂಪ್ಯೂಟರು ಹಚ್ಚಿ ನೋಡಿದೆ. ಗಿರಾಕಿಗಳ ಲಾಗಿನ್ನಿನಲ್ಲಿ ತಲೆಯ ಖಾನೆ, ಪಾದದ ಖಾನೆ ಎರಡೂ ಬಂದಂತೆಯೇ ಇದ್ದವು. ಬೀಜಾಕ್ಷರಗಳನ್ನು ಯಾರೂ ಮುಟ್ಟಿರಲಿಲ್ಲ. ಶ್ರೀ ಇದ್ದದ್ದು ನನ್ನ ಲಾಗಿನ್ನಿನಲ್ಲಿ ಮಾತ್ರ. ನನ್ನ ಪಾಸ್‌ವರ್ಡ್ ಕಾಕಾನಿಗೆ ಗೊತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ, ಅಲ್ಲಿಯತನಕ ಅವರು ಮೌಸ್ ಹಿಡಿದದ್ದೇ ಇಲ್ಲ. ಅದನ್ನು ಕೈಯಿಂದ ಮುಟ್ಟದೆ ಅರಿವೆಯಿಂದ ಒರೆಸುತ್ತಿದ್ದರು.

ನಾನು ತರ್ಕಶಾಸ್ತ್ರ ಕಲಿಸುವವನು. ಎರಡು ವಾಕ್ಯಗಳಿಂದ ಮೂರನೆಯದು ಬರುತ್ತದೆ. ಟ್ರೇಯಲ್ಲಿ ತಲೆಕೆಳಗಾದ ಹಾಳೆಗಳಿಂದ ಬೇಸತ್ತು, ಕಾಕಾನ ಪೆನ್ನು ಬಿಡಿಸಲೆಂದು, ಅಥವಾ ತಮಾಷೆಗೆಂದು, ಯಾವುದೋ ಒಂದು ದಿನ ನಾನೇ ಅದನ್ನು ಹಾಕಿ ಮರೆತಿದ್ದೆ. ಹಾಕಿದ ಕ್ಷಣ ಇವತ್ತಿಗೂ ನೆನಪಿಗೆ ಬರುವುದಿಲ್ಲ. ಹಾಕಿದ್ದೆ ಎಂಬುದು ಮಾತ್ರ ತಪ್ಪಿಸಿಕೊಳ್ಳಲಾಗದಂತೆ ಸಿದ್ಧವಾಗುತ್ತದೆ.

ಕಾಕಾನಿಗೆ ಎಲ್ಲ ಹೇಳಿದೆ. ಹುಕ್ಕೇರಿಯಲ್ಲಿ ಏನು ಬರೆದುಕೊಟ್ಟೆ ಎಂಬುದನ್ನೂ ಹೇಳಿದೆ. ಅವರು ಚೀಲದಿಂದ ಬುತ್ತಿ ತೆಗೆದು ಗೂಟಕ್ಕೆ ಹಾಕಿ, ಟೊಪ್ಪಿಗೆ ಸರಿ ಮಾಡಿಕೊಂಡರು.

"ಈಗ ಏನ ಅಂತೀರಿ?"

"ಹೋಗಿ ಖರೇ ಹೇಳಿ ಬರತೇನ್ರಿ. ನಾನ ಹಾಕೇನಿ, ನಾನ ತಗದೇನಿ ಅಂತ."

"ಪರೀಕ್ಷಾ ಕಾಯಾಕ ಬಂದ ಮಾಸ್ತರನ ಒಬ್ಬಾಕೀಗೆ ಟಿಕೆಟ್ ಮಾಡಿ ಕೊಟ್ಟಾನಂತ ಆಗತೈತಿ. ಹೌದಿಲ್ರಿ?"

"ಹಂಗಾಗತೈತ್ರಿ."

"ನಿಮ್ಮ ನೌಕರಿ ಇರಲಿ ಬಿಡ್ರಿ, ಅದು ಇದ್ರೇನು, ಹ್ವಾದ್ರೇನು. ಆ ತಂಗೀ ಲಕೋಟಿ ಹೊರಗ ಬರಂಗಿಲ್ಲ. ಇಬ್ರೂ ಕೂಡಿ ಮಾಡ್ಯಾರ ಅಂತಾರು."

ಇದು ನನಗೆ ಹೊಳೆದಿರಲಿಲ್ಲ ಎಂದು ಬರೆಯಲು ಇಷ್ಟಪಡುತ್ತೇನೆ. ಹೊಳೆದಿತ್ತೋ ಇಲ್ಲವೋ, ಕಾಕಾನ ಬಾಯಿಂದ ಬಂದಾಗ ಅದು ನನಗೆ ತುಂಬ ಅನುಕೂಲವಾದ ಮಾತಾಗಿತ್ತು.

"ಬರೀರಿ," ಅಂದರು. "ನಾ ಹಾಕಸೇನಿ ಅಂತ ಬರೀಬ್ಯಾಡ್ರಿ. ಹಾಕೇನಿ ಅಂತ ಬರೀರಿ. ಹಾಕಸೇನಿ ಅಂದ್ರ ಯಾರ ಕಡಿಂದ ಅಂತ ಕೇಳ್ತಾರು."

"ನೀವು ಕಂಪ್ಯೂಟರ್ ಮುಟ್ಟಿಲ್ಲಲ್ರಿ ಕಾಕಾ."

"ಕಲಸ್ರಿ. ಇನ್ನೂ ಮೂರ ದಿನ ಐತಿ."

ಪತ್ರವನ್ನು ಅಂಗಡಿಯ ಲೆಟರ್‌ಹೆಡ್ಡಿನ ಮೇಲೆ ಬರೆದೆವು. ಅದರ ನೆತ್ತಿಯಲ್ಲಿ ಶ್ರೀ ಮೊದಲೇ ಅಚ್ಚಾಗಿತ್ತು. ಕಾಕಾ ಓದಿಸಿ ಕೇಳಿ, ಎರಡು ಕಡೆ ನಮ್ರತೆ ಹೆಚ್ಚಿಸಿ, ಮರಾಠಿಯ ಮೋಡಿಯಲ್ಲಿ ಕನ್ನಡದ ಸಹಿ ಹಾಕಿದರು. ಆಮೇಲೆ ನನ್ನ ಕುರ್ಚಿಯಲ್ಲಿ ಕೂತರು. ವಿಚಾರಣೆಗೆ ಯಾರಾದರೂ ಬಂದರೆ ಮಾಡಿ ತೋರಿಸಬೇಕಲ್ಲ. ಮೌಸನ್ನು ಮೊದಲು ಎರಡೂ ಕೈಯಿಂದ ಹಿಡಿದರು. ಪೇಜ್ ಸೆಟಪ್ ತೆರೆಯುವುದು, ತಲೆಯ ಖಾನೆ ಅಳಿಸುವುದು, ಶ್ರೀ ಒತ್ತುವುದು, ಪಾದ ಖಾಲಿ ಮಾಡುವುದು. ಮೊದಲ ದಿನ ಖಾನೆ ತಪ್ಪಿ ಶ್ರೀ ಪಾದಕ್ಕೆ ಬಿತ್ತು. ಮಂಗಳವಾರ ಮಧ್ಯಾಹ್ನಕ್ಕೆ ನನ್ನ ಸಹಾಯವಿಲ್ಲದೆ ಹಾಕಿದರು, ತೆಗೆದರು, ಮತ್ತೆ ಹಾಕಿದರು. ನಾನು ಕಾಲೇಜಿನಿಂದ ಬಂದಾಗ ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡು ಒಂದೇ ಬೆರಳಿನಿಂದ ಒತ್ತುತ್ತಿದ್ದರು.

ಹಾಗಾದರೆ ನನ್ನ ಕಣ್ಣ ಮುಂದಿರುವ ಚಿತ್ರ ಸುಳ್ಳಲ್ಲ. ಅದು ಆದದ್ದೇ. ಆದ ದಿನ ಮಾತ್ರ ಬೇರೆ. ನನ್ನ ಮನಸ್ಸು ಅದನ್ನು ಎತ್ತಿ ನಾಲ್ಕು ತಿಂಗಳೋ ಆರು ತಿಂಗಳೋ ಹಿಂದಕ್ಕೆ ಇಟ್ಟಿತ್ತು, ಬೇಕಾದ ಜಾಗದಲ್ಲಿ. ಅದಕ್ಕೆ ಆಧಾರವಾಗಿ ಎರಡು ಸಹಿ ಮಾಡಿದ ಕಾಗದಗಳೂ ಇದ್ದವು. ದಾಖಲೆ ಇಲ್ಲದ್ದನ್ನು ನಂಬಬಾರದು ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ಕಾಲ ಅದು. ಈ ವಿಷಯದಲ್ಲಿ ದಾಖಲೆಗಳನ್ನೆಲ್ಲ ಬರೆದವನು ನಾನೇ.

ಬುಧವಾರ ಪತ್ರ ತೆಗೆದುಕೊಂಡು ಹುಕ್ಕೇರಿಗೆ ಹೋದೆ. ಅಧೀಕ್ಷಕರು ಅದನ್ನು ಓದಿ, ತಿರುಗಿಸಿ ಹಿಂಬದಿ ನೋಡಿ, ಲೆಟರ್‌ಹೆಡ್ಡಿನ ಶ್ರೀಯನ್ನು ಹಾಲ್ ಟಿಕೆಟ್ಟಿನ ಶ್ರೀಯ ಪಕ್ಕದಲ್ಲಿ ಇಟ್ಟು ಹೋಲಿಸಿದರು.

"ಬೀಜದ ಅಂಗಡಿಯವ್ರು?"

"ಹೌದ್ರಿ."

"ಇವ್ರಿಗೆ ಕಂಪ್ಯೂಟರ್ ಬರತೈತೇನ್ರಿ?"

"ಬರತೈತ್ರಿ," ಅಂದೆ. ಅಂದು ಆಡಿದ್ದರಲ್ಲಿ ಅದೊಂದು ನಿಜ, ಎರಡು ದಿನದಷ್ಟು ಹಳೆಯದು.

ಅವರು ಎರಡೂ ಕಾಗದಗಳಿಗೆ ಪಿನ್ನು ಹೊಡೆದು, ಬೇರೆ ಇಟ್ಟಿದ್ದ ಲಕೋಟೆಯನ್ನು ಕಪಾಟಿನಿಂದ ತೆಗೆದು, ಉಳಿದವುಗಳ ಕಟ್ಟಿನೊಳಗೆ ಸೇರಿಸಿ, ದಾರ ಕಟ್ಟಿ, ಅರಗು ಕಾಯಿಸಿದರು. ಮುದ್ರೆ ಒತ್ತುವತನಕ ನಾನು ಅಲ್ಲೇ ನಿಂತಿದ್ದೆ. ಕೂರಿ ಎಂದು ಅವರು ಹೇಳಲಿಲ್ಲ.

ವಿಚಾರಣೆಗೆ ಯಾರೂ ಬರಲಿಲ್ಲ. ಕಾಕಾ ಎರಡು ತಿಂಗಳು ದಾರಿ ಕಾದರು. ಪರಿಚಯವಿಲ್ಲದ ಯಾವ ಗಿರಾಕಿ ಅಂಗಿಯ ಕಿಸೆಗೆ ಪೆನ್ನು ಸಿಕ್ಕಿಸಿಕೊಂಡು ಬಂದರೂ ಅವನ ಎದುರಿಗೆ ಒಮ್ಮೆ ಪೇಜ್ ಸೆಟಪ್ ತೆರೆದು ಮುಚ್ಚುತ್ತಿದ್ದರು.

ಆಯ್ಕೆ ಪಟ್ಟಿ ಮುಂಗಾರಿನ ಬಿತ್ತನೆಯ ಹೊತ್ತಿಗೆ ಬಂತು. ಅಂಗಡಿಯಲ್ಲಿ ಬೀಜಕ್ಕೆ ಸಾಲು ಹತ್ತಿತ್ತು. ನಾನು ಪಟ್ಟಿಯನ್ನು ಪರದೆಯ ಮೇಲೆ ಮೂರು ಸಲ ನೋಡಿದೆ. ಅಕ್ಕೋರ ಸಂಖ್ಯೆ ಸಿಗಲಿಲ್ಲ. ಪ್ಲೈವುಡ್ಡಿನ ಆಚೆ ಹೋಗಿ ಕಾಕಾನಿಗೆ ಹಾಗೆಂದು ಹೇಳಿಯೂ ಬಿಟ್ಟೆ. ಅವರು ತಕ್ಕಡಿ ಬಿಟ್ಟು ಬಂದು, ನನ್ನ ಪಕ್ಕ ನಿಂತು, ಸಂಖ್ಯೆಯನ್ನು ಒಂದೊಂದಾಗಿ ಹೇಳಲು ಹೇಳಿದರು. ನಾನು ಹೇಳಿದೆ.

"ಕಡೀ ಅಂಕಿ ಏನಂದ್ರಿ?"

"ಆರು."

"ಹೆಂಗ ಆರು? ನಾ ಪತ್ರದಾಗ ಬರಸಿದ್ದು ಒಂಬತ್ತು."

ಪತ್ರದ ಪ್ರತಿ ಅವರ ಗಲ್ಲಾದಲ್ಲಿತ್ತು. ಒಂಬತ್ತೇ. ನಾನು ಇಷ್ಟು ತಿಂಗಳು ಆರು ಎಂದು ನೆನಪಿಟ್ಟುಕೊಂಡಿದ್ದೆ, ಸಂದೇಹವೇ ಇಲ್ಲದೆ. ಒಂಬತ್ತು ಪಟ್ಟಿಯಲ್ಲಿತ್ತು, ಕೊನೆಯ ಪುಟದ ಸಮೀಪ.

ಅಕ್ಕೋರು ಎಂಟು ದಿನ ಬಿಟ್ಟು ಬಂದರು. ಸ್ಟೀಲಿನ ಡಬ್ಬಿಯಲ್ಲಿ ಶೇಂಗಾದ ಹೋಳಿಗೆ ತಂದಿದ್ದರು. ನೇರವಾಗಿ ಕಾಕಾನ ಬಳಿ ಹೋಗಿ, ಅವರು ಬೇಡಬೇಡವೆನ್ನುತ್ತಿದ್ದರೂ ಕಾಲು ಮುಟ್ಟಿದರು.

"ನೀವು ಬರದ ಕೊಟ್ರಂತ ಆತ್ರಿ ಕಾಕಾ. ಹುಕ್ಕೇರಿ ಸಾಹೇಬ್ರ ಹೇಳಿದ್ರು. ತಪ್ಪ ನಂದು ಅಂತ ಬರದ ಕೊಡಾವ್ರು ಈಗ ಯಾರದಾರ್ರಿ ಅಂದ್ರು."

ಕಾಕಾ ನನ್ನ ಕಡೆ ನೋಡಲಿಲ್ಲ. ನೋಡದೇ ಇರಲು ಅವರು ಪಟ್ಟ ಕಷ್ಟ ನನಗೆ ಕಾಣುತ್ತಿತ್ತು.

"ಏಳವ್ವಾ. ಎಲ್ಲಿ ಕೊಟ್ರು ಸಾಲಿ?"

"ಮೂಡಲಗಿ ಬಾಜೂಕ್ರಿ. ಮುಂಜಾನೆ ಇಲ್ಲಿ ನೀವು ಇಳಿಯೂ ಬಸ್ಸು ತಿರುಗಿ ಹೋಗುವಾಗ ಅದಕ್ಕ ನಾ ಹತ್ತಬೇಕು."

"ಹಂಗಾದ್ರ ದಿನಾ ಒಂದ ಸೀಟ ಹಿಡದ ಇಡತೇನಿ. ನಾ ಇಳಿಯೂದು, ನೀ ಕೂಡೂದು." ಡಬ್ಬಿಯ ಮುಚ್ಚಳ ತೆಗೆದು ನೋಡಿದರು. "ಮಾಸ್ತರ್ರಿಗೂ ಕೊಡವ್ವಾ. ಅವ್ರೂ ಅವತ್ತ ಇಲ್ಲೇ ಇದ್ರು."

ಅಕ್ಕೋರು ಪ್ಲೈವುಡ್ಡಿನ ಈಚೆ ಬಂದು ನನಗೊಂದು ಹೋಳಿಗೆ ಕೊಟ್ಟರು. ಏನಾದರೂ ಹೇಳುವುದಿದ್ದರೆ ಹೇಳಲು ಅದೇ ಹೊತ್ತು. ಅವರು ನನ್ನ ಮುಖವನ್ನೇ ನೋಡುತ್ತ, ಸ್ವಲ್ಪ ಹೊತ್ತು ನಿಂತೇ ಇದ್ದರು. ಬೆಲ್ಲ ಹದವಾಗಿದೆ ಎಂದೆ.

"ಇನ್ನೊಂದ ತಗೋರಿ ಸರ್," ಅಂದರು.

ತೆಗೆದುಕೊಂಡೆ.